ಗೇರ್ ಕಚ್ಚಿಕೊಂಡಿದೆಯಾ? ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿ

ಹಳೇ ಸ್ಪೋರ್ಟ್ಸ್ ಕಾರು. ಲಿವರ್ ಒಂದೇ ಗೇರಿನಲ್ಲಿ ಕಚ್ಚಿಕೊಂಡು ಕೂತಿದೆ, ನ್ಯೂಟ್ರಲ್‌ಗೆ ಬರುತ್ತಲೇ ಇಲ್ಲ. ಎರಡೂ ಕೈ ಹಾಕಿ ಎಳೆದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಎಳೆಯಬೇಡಿ. ಜಾಸ್ತಿ ಬಲ ಹಾಕಿದರೆ ಗೇರ್ ಬಾಕ್ಸಿನ ಒಳಗೆ ಗೇರನ್ನು ಸರಿಸುವ ಸೆಲೆಕ್ಟರ್ ಫೋರ್ಕ್ ಬಾಗುತ್ತದೆ, ಇಲ್ಲವೇ ಅದನ್ನು ಹಿಡಿದಿರುವ ಪಿನ್ ಮುರಿಯುತ್ತದೆ. ಆಗ ಹೊರಗಿನಿಂದಲೇ ಮುಗಿಯಬಹುದಾಗಿದ್ದ ಕೆಲಸಕ್ಕೆ ಇಡೀ ಬಾಕ್ಸ್ ಇಳಿಸಬೇಕಾಗುತ್ತದೆ.

ನನ್ನ ಹಳೇ ಮಾಜ್ದಾ ಎಂಎಕ್ಸ್-5 ಎರಡನೇ ಗೇರಿನಲ್ಲಿ ಹೀಗೇ ನಿಂತಾಗ, ನೋಡಿದವರು "ಗೇರ್ ಬಾಕ್ಸ್ ಹೋಗಿದೆ, ಬಿಚ್ಚಲೇಬೇಕು" ಅಂದಿದ್ದರು. ಹೋಗಿದ್ದದ್ದು ಕ್ಲಚ್ ಸ್ಲೇವ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಒಂದು ಸಣ್ಣ ರಬ್ಬರ್ ಸೀಲ್. ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಮೊದಲು ಕ್ಲಚ್ ನೋಡಿ, ಆಮೇಲೆ ಲಿವರ್ ನೋಡಿ, ಬಾಕ್ಸಿನ ಒಳಗಿನ ಮಾತು ಕೊನೆಗೆ.

ಕೆಲಸಕ್ಕೆ ಮುಂಚೆ ಕಾರು ಸಮತಟ್ಟಾದ ಜಾಗದಲ್ಲಿರಲಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಇದು ಸುಮ್ನೆ ಹೇಳುತ್ತಿಲ್ಲ. ಎಷ್ಟೋ ಹಳೇ ಕಾರುಗಳಲ್ಲಿ ಕ್ಲಚ್ ಒತ್ತದೆಯೂ ಸ್ಟಾರ್ಟರ್ ತಿರುಗುತ್ತದೆ, ಗೇರಿನಲ್ಲಿ ಸಿಕ್ಕಿಕೊಂಡ ಕಾರಿನ ಕೀ ಯಾರಾದರೂ ತಿರುಗಿಸಿದರೆ ಅದು ನೇರವಾಗಿ ಮುಂದಕ್ಕೆ ಹಾರುತ್ತದೆ. ಕೆಳಗೆ ನುಗ್ಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಟ್ಟೇ ನುಗ್ಗಿ.

ಈಗ ಮೊದಲ ಪ್ರಶ್ನೆ. ಎಂಜಿನ್ ಆಫ್ ಇದ್ದಾಗ ಲಿವರ್ ಆಡುತ್ತದಾ? ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಹಟ ಮಾಡಿದರೆ ಹೆಚ್ಚು ಕಡಿಮೆ ಅದು ಕ್ಲಚ್ಚಿನ ತೊಂದರೆ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಪೆಡಲ್ ಒತ್ತಿದರೂ ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಬೇರ್ಪಡಿಸುತ್ತಿಲ್ಲ, ಅಷ್ಟೇ.

ಆಫ್ ಇದ್ದಾಗಲೂ ಆಡದಿದ್ದರೆ, ಕಾರು ಇಳಿಜಾರಿನಲ್ಲಿ ಗೇರಿನ ಮೇಲೇ ನಿಂತಿತ್ತಾ ಅಂತ ನೆನಪು ಮಾಡಿಕೊಳ್ಳಿ. ಗೇರನ್ನು ಹಿಡಿಯುವ ಹಲ್ಲುಗಳನ್ನು ಸ್ವಲ್ಪ ಓರೆಯಾಗಿ ಕೊರೆದಿರುತ್ತಾರೆ, ಓಡುವಾಗ ಗೇರ್ ತಾನಾಗಿ ಜಾರಿ ಬರಬಾರದು ಅಂತ. ಭಾರ ಬಿದ್ದಷ್ಟೂ ಅವು ಬಿಗಿಯಾಗಿ ಕಚ್ಚುತ್ತವೆ. ಭಾರ ಇಳಿಸಿದರೆ ಬಿಡುತ್ತವೆ. ಇದಕ್ಕೆ ಇಬ್ಬರು ಬೇಕು. ಚಕ್ರದ ಕಲ್ಲುಗಳನ್ನು ಒಂದೆರಡು ಇಂಚು ದೂರ ಸರಿಸಿ, ಹ್ಯಾಂಡ್ ಬ್ರೇಕ್ ಇಳಿಸಿ. ನೀವು ಕ್ಲಚ್ ಪೂರ್ತಿ ಒತ್ತಿ ಎರಡೇ ಬೆರಳಲ್ಲಿ ಲಿವರನ್ನು ನ್ಯೂಟ್ರಲ್ ಕಡೆ ಹಗುರವಾಗಿ ಹಿಡಿದಿರಿ, ಇನ್ನೊಬ್ಬರು ಕಾರನ್ನು ಒಂದು ಇಂಚು ಮುಂದೆ, ಒಂದು ಇಂಚು ಹಿಂದೆ ತೂಗಲಿ. ಎಷ್ಟೋ ಸಲ ಇಷ್ಟಕ್ಕೇ ಟಕ್ ಅಂತ ಹೊರಗೆ ಬರುತ್ತದೆ. ಹೀಗೆ ತೂಗುವಾಗ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಕ್ಲಚ್ ಒತ್ತಿದ್ದರೂ ಕಾರು ಎಂಜಿನ್ನಿಗೆ ಕಟ್ಟಿಹಾಕಿದ ಹಾಗೆ ತಡೆಯುತ್ತಿದ್ದರೆ ಕ್ಲಚ್ ಬಿಡುತ್ತಿಲ್ಲ ಅಂತಲೇ ಅರ್ಥ.

ಕ್ಲಚ್ ಕಡೆ ಸಮಯ ಕೊಡಿ, ಜಾಸ್ತಿ ಕಾರುಗಳ ರೋಗ ಇಲ್ಲೇ ಇರುತ್ತದೆ. ಹೈಡ್ರಾಲಿಕ್ ಕ್ಲಚ್ (ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವುದು) ಆದರೆ ಮೊದಲು ಬಾನೆಟ್ ಎತ್ತಿ ಫ್ಲೂಯಿಡ್ ಡಬ್ಬಿ ನೋಡಿ. ಮಟ್ಟ ಇಳಿದಿದೆಯಾ? ಫ್ಲೂಯಿಡ್ ಕಪ್ಪಾಗಿದೆಯಾ? ಮಟ್ಟ ಇಳಿದಿದ್ದರೆ ಅದು ಎಲ್ಲೋ ಸೋರಿದೆ, ತಾನಾಗಿ ಖರ್ಚಾಗುವ ವಸ್ತು ಅದಲ್ಲ. ಒಳಗೆ ಕೂತು ಪೆಡಲ್ ಮೇಲ್ಭಾಗದ ರಾಡ್ ಬೆರಳಲ್ಲಿ ಮುಟ್ಟಿ ನೋಡಿ, ಒದ್ದೆ ಇದ್ದರೆ ಆ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಆಮೇಲೆ ಕೆಳಗೆ ಹೋಗಿ. ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಪಕ್ಕದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಗಿನ ಸ್ಲೇವ್ ಸಿಲಿಂಡರ್ ಎರಡು ಬೋಲ್ಟಿನಲ್ಲಿ ಕೂತಿರುತ್ತದೆ. ಅದರ ತುದಿಯ ರಬ್ಬರ್ ಟೋಪಿಯನ್ನು ಉಗುರಿನಿಂದ ನಿಧಾನವಾಗಿ ಹಿಂದಕ್ಕೆ ಸರಿಸಿ. ಒಳಗೆ ಒಣಗಿದ್ದರೆ ಸರಿ. ನನ್ನ ಕಾರಿನಲ್ಲಿ ಟೋಪಿ ಸರಿಸಿದ ತಕ್ಷಣ ಕಂದು ಬಣ್ಣದ ಫ್ಲೂಯಿಡ್ ಮಣಿಕಟ್ಟಿನ ತನಕ ಇಳಿಯಿತು, ಅದರ ಜೊತೆ ಕಪ್ಪು ರಬ್ಬರ್ ಪುಡಿ. ರೋಗ ಅಲ್ಲೇ ಸಿಕ್ಕಿಬಿತ್ತು.

ಸೋರಿಕೆ ಕಾಣದಿದ್ದರೂ ಒಬ್ಬರಿಗೆ ಪೆಡಲ್ ಒತ್ತಲು ಹೇಳಿ, ಸ್ಲೇವಿನ ರಾಡ್ ಎಷ್ಟು ಹೊರಗೆ ಬರುತ್ತದೆ ನೋಡಿ. ಬಹಳಷ್ಟು ಕಾರುಗಳಲ್ಲಿ 10 ಮಿಲಿಮೀಟರಿಗಿಂತ ಜಾಸ್ತಿ ಬರಬೇಕು. ನಾಲ್ಕೈದು ಮಿಲಿಮೀಟರ್ ಮಾತ್ರ ಬಂದರೆ ಲೈನಿನಲ್ಲಿ ಗಾಳಿ ಇದೆ ಅಥವಾ ಸೀಲ್ ದಾಟಿ ಫ್ಲೂಯಿಡ್ ವಾಪಸ್ ಹೋಗುತ್ತಿದೆ. ಹಳೇ ಫ್ಲೆಕ್ಸಿಬಲ್ ಹೋಸ್ ಉಬ್ಬುತ್ತಿದೆಯಾ ಅಂತಲೂ ಅದೇ ಹೊತ್ತಿಗೆ ಕೈಯಲ್ಲಿ ಹಿಡಿದು ನೋಡಿ. ಗಾಳಿ ತೆಗೆಯುವುದು ಬ್ರೇಕಿನ ಹಾಗೆಯೇ. ಪೆಡಲ್ ಒತ್ತಿ ಹಿಡಿದಾಗ ಸ್ಲೇವಿನ ಮೇಲಿರುವ, ಗಾಳಿ ತೆಗೆಯುವ ನಿಪ್ಪಲ್ ಬಿಚ್ಚಿ, ಫ್ಲೂಯಿಡ್ ಬಂದ ಮೇಲೆ ನಿಪ್ಪಲ್ ಮುಚ್ಚಿ, ಆಮೇಲೆ ಪೆಡಲ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಮಧ್ಯೆ ಮಧ್ಯೆ ಡಬ್ಬಿ ತುಂಬಿಸುತ್ತಿರಿ. ಕ್ಲಚ್ಚಿಗೂ ಸಾಮಾನ್ಯವಾಗಿ ಹಾಕುವುದು ಬ್ರೇಕ್ ಫ್ಲೂಯಿಡ್ಡೇ, ಅದು ಪೇಂಟ್ ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರಿನಲ್ಲಿ ತೊಳೆಯಿರಿ. ಸ್ಲೇವ್ ಬದಲಿಸುತ್ತಿದ್ದರೆ ಮಾಸ್ಟರನ್ನೂ ಅದರ ಜೊತೆಗೇ ಬದಲಿಸಿ ಅಂತ ನನ್ನ ಸಲಹೆ. ಎರಡರ ವಯಸ್ಸೂ ಒಂದೇ, ಒಂದರ ಹಿಂದೆ ಇನ್ನೊಂದು ಹೋಗುವುದು ಮಾಮೂಲು.

ಕೇಬಲ್ ಕ್ಲಚ್ ಆದರೆ ಕೆಲಸ ಚಿಕ್ಕದು. ಕೇಬಲ್ ಎಳೆಗಳು ಕಿತ್ತಿವೆಯಾ ನೋಡಿ, ಟೈಟ್ ಮಾಡಿ.

ರಾಡ್ ಪೂರ್ತಿ ಬರುತ್ತಿದ್ದರೂ ಕ್ಲಚ್ ಬಿಡದಿದ್ದರೆ ಎರಡು ಅನುಮಾನ. ಬಹಳ ದಿನ ತೇವದಲ್ಲಿ ನಿಂತ ಕಾರಾದರೆ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ (ಎಂಜಿನ್ ತುದಿಯ ಭಾರದ ಚಕ್ರ) ಅಂಟಿರುತ್ತದೆ. ಇಲ್ಲದಿದ್ದರೆ ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗ್ ಹಿಡಿದುಕೊಂಡು ಗೇರ್ ಬಾಕ್ಸಿನೊಳಗೆ ಹೋಗುವ ಇನ್‌ಪುಟ್ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಬೇರಿಂಗಿಗಾದರೆ ಬಾಕ್ಸ್ ಇಳಿಸದೆ ದಾರಿ ಇಲ್ಲ. ಅಂಟಿದ ಪ್ಲೇಟನ್ನು ಕೆಲವರು ಗೇರಿನಲ್ಲೇ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿಟ್ಟು ಓಡಿಸಿ ಬಿಡಿಸುತ್ತಾರೆ. ಖಾಲಿ ಮೈದಾನ, ಒಳ್ಳೇ ಬ್ರೇಕ್ ಎರಡೂ ಇಲ್ಲದೆ ಆ ದಾರಿ ಹಿಡಿಯಬೇಡಿ.

ಕ್ಲಚ್ ಚೆನ್ನಾಗಿದೆ, ಆದರೂ ಲಿವರ್ ಆಡುತ್ತಿಲ್ಲ, ಇಲ್ಲವೇ ಅನ್ನದಲ್ಲಿ ಚಮಚ ಆಡಿದ ಹಾಗೆ ಸಡಿಲವಾಗಿ ಆಡುತ್ತದೆ, ಗೇರ್ ಮಾತ್ರ ಬದಲಾಗುತ್ತಿಲ್ಲ. ಆಗ ಲಿವರಿನ ಬುಡ ನೋಡಿ. ಎಂಎಕ್ಸ್-5ರಲ್ಲಿ ಕನ್ಸೋಲ್ ತೆಗೆದು, ರಬ್ಬರ್ ಬೂಟ್ ಎತ್ತಿ, ಮೂರು ಬೋಲ್ಟ್ ಬಿಚ್ಚಿದರೆ ಲಿವರ್ ಕೈಗೆ ಬರುತ್ತದೆ. ಅದರ ತುದಿಯ ಪ್ಲಾಸ್ಟಿಕ್ ಬುಷ್ (ಆಟ ಬರದಂತೆ ಹಿಡಿಯುವ ಬಳೆ) ಚೂರಾಗಿರುತ್ತದೆ, ಅದು ಕೂರುವ ಗುಂಡಿಯಲ್ಲಿ ಆಯಿಲ್ ಒಣಗಿರುತ್ತದೆ. ಡಾಟ್ಸನ್ 240ಝಡ್‌ನಲ್ಲೂ ಸವೆಯುವುದು ಇಂಥ ಬುಷ್‌ಗಳೇ. ಪೋರ್ಷೆ 911ರಲ್ಲಿ ಎಂಜಿನ್ ಹಿಂದಿರುವುದರಿಂದ ಉದ್ದದ ರಾಡ್ ಇದೆ, ಅದನ್ನು ಬಾಕ್ಸಿಗೆ ಸೇರಿಸುವ ಕಪ್ಲರಿನ ಬುಷ್ ಪುಡಿಯಾಗುತ್ತದೆ. ಟೊಯೋಟಾ ಎಂಆರ್2ರಲ್ಲಿ ಗೇರ್ ಬದಲಿಸುವುದು ಕೇಬಲ್, ಅದರ ತುದಿ ಕಳಚಿದರೆ ಲಿವರ್ ಎಷ್ಟು ಆಡಿಸಿದರೂ ಬಾಕ್ಸಿಗೆ ಸುದ್ದಿ ಮುಟ್ಟುವುದಿಲ್ಲ.

ಲಿವರ್ ನೇರವಾಗಿ ಸೆಲೆಕ್ಟರ್ ರಾಡ್‌ಗಳ (ಫೋರ್ಕನ್ನು ಸರಿಸುವ ಸರಳುಗಳು) ಮೇಲೆ ಕೂರುವ ಹಳೇ ಬಾಕ್ಸುಗಳಲ್ಲಿ ಇನ್ನೊಂದು ತೊಂದರೆ ಇದೆ. ಸವೆದ ಲಿವರ್ ತುದಿ ಎರಡು ರಾಡ್‌ಗಳ ಮಧ್ಯೆ ಜಾರಿಬಿಡುತ್ತದೆ, ಒಂದು ರಾಡ್ ಗೇರಿನಲ್ಲೇ ಉಳಿಯುತ್ತದೆ. ಲಿವರ್ ತೆಗೆದು ಟಾರ್ಚ್ ಬಿಡಿ. ಅಕ್ಕಪಕ್ಕದ ರಾಡ್‌ಗಳಲ್ಲಿ ಲಿವರ್ ತುದಿ ಕೂರುವ ಕಚ್ಚುಗಳು ಒಂದೇ ಸಾಲಿನಲ್ಲಿದ್ದರೆ ಎಲ್ಲ ನ್ಯೂಟ್ರಲ್. ಒಂದು ಮಾತ್ರ ಹಿಂದೆ ಅಥವಾ ಮುಂದೆ ಹೋಗಿದ್ದರೆ ಅದೇ ಸಿಕ್ಕಿಕೊಂಡಿರುವುದು. ಉದ್ದದ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಸಾಲಿಗೆ ತನ್ನಿ, ಜೊತೆಗೆ ಕಾರನ್ನು ತೂಗಿ. ಎರಡು ರಾಡ್ ಏಕಕಾಲಕ್ಕೆ ಸಾಲು ಬಿಟ್ಟಿದ್ದರೆ ಎರಡು ಗೇರ್ ಒಟ್ಟಿಗೆ ಬಿದ್ದಿವೆ, ಅದಕ್ಕೇ ಚಕ್ರವೂ ತಿರುಗುತ್ತಿರಲಿಲ್ಲ. ಹಾಗಾಗದಂತೆ ತಡೆಯುವ ಇಂಟರ್‌ಲಾಕ್ ಪಿನ್ ಸವೆದಿದೆ ಅಂತ ತಿಳಿಯಿರಿ. ಸದ್ಯಕ್ಕೆ ಸಾಲಿಗೆ ತಂದರೂ ಬಾಕ್ಸ್ ಬಿಚ್ಚಿಸಲೇಬೇಕು.

ಕೆಲವು ಬಾಕ್ಸುಗಳಲ್ಲಿ ರಾಡನ್ನು ಜಾಗದಲ್ಲಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗನ್ನು ಹೊರಗಿನ ಬೋಲ್ಟ್ ಬಿಚ್ಚಿಯೇ ತೆಗೆಯಬಹುದು. ಒಂದು ಸಲಕ್ಕೆ ಒಂದನ್ನೇ ತೆಗೆಯಿರಿ, ಮ್ಯಾಗ್ನೆಟ್ ಇಟ್ಟುಕೊಳ್ಳಿ, ಕೊಳೆ ತೊಳೆದು ಅದೇ ಜಾಗಕ್ಕೆ ಹಾಕಿ.

ಗೇರ್ ಬಾಕ್ಸ್ ಆಯಿಲ್ ಬದಲಿಸುವಾಗ ಮೊದಲು ತುಂಬಿಸುವ ಬೋಲ್ಟ್ ಬಿಚ್ಚಿ, ಆಮೇಲೆ ಇಳಿಸುವುದನ್ನು. ಎಲ್ಲ ಇಳಿಸಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ. ಡಬ್ಬಿಯ ಮೇಲೆ ಜಿಎಲ್-4 (ಗೇರ್ ಆಯಿಲ್ಲಿನ ಒಂದು ದರ್ಜೆ) ಅಂತಿರಲಿ, ಮ್ಯಾನುಯಲ್ ಬೇರೆ ಹೇಳದಿದ್ದರೆ. ಕೆಲವು ಜಿಎಲ್-5 ಆಯಿಲ್‌ಗಳು ಹಿತ್ತಾಳೆಯ ಸಿಂಕ್ರೋ ರಿಂಗಿಗೆ (ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಬಳೆ) ಒಳ್ಳೆಯದಲ್ಲ. ಎಂಜಿಬಿಯಂಥ ಕಾರು ಗೇರ್ ಬಾಕ್ಸಿಗೂ ಎಂಜಿನ್ ಆಯಿಲ್ಲೇ ಕೇಳುತ್ತದೆ, ಹಾಗಾಗಿ ಊಹೆ ಬೇಡ, ಮ್ಯಾನುಯಲ್ ತೆಗೆದು ನೋಡಿ. ಇಳಿದ ಆಯಿಲ್ಲಿನಲ್ಲಿ ಬೆರಳಾಡಿಸಿ. ಸಣ್ಣ ಹೊಳೆಯುವ ಪುಡಿ ವಯಸ್ಸಿಗೆ ಸಹಜ, ಹಲ್ಲಿನ ಚೂರು ಸಿಕ್ಕಿದರೆ ಬಾಕ್ಸ್ ಇಳಿಸಿ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಆಫ್ ಇಟ್ಟು ಪ್ರತಿ ಗೇರೂ ಹಾಕಿ ತೆಗೆಯಿರಿ. ಆಮೇಲೆ ಸ್ಟಾರ್ಟ್ ಮಾಡಿ, ಬ್ರೇಕ್ ಮೇಲೆ ಕಾಲಿಟ್ಟು, ಕ್ಲಚ್ ಪೂರ್ತಿ ಒತ್ತಿ ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಹಳೇ ಬಾಕ್ಸುಗಳಲ್ಲಿ ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೋ ಇರುವುದಿಲ್ಲ. ಕಿರ್ರ್ ಅನ್ನದೆ ಬಿದ್ದರೆ ಕ್ಲಚ್ ಸರಿಯಾಗಿ ಬಿಡುತ್ತಿದೆ. ಕಿರ್ರ್ ಅಂದರೆ ಮತ್ತೆ ಕೆಳಗೆ ಹೋಗಿ, ಲೈನಿನಲ್ಲಿ ಇನ್ನೂ ಗಾಳಿ ಉಳಿದಿದೆಯಾ ನೋಡಿ. ಒಂದು ವಾರ ಓಡಿಸಿದ ಮೇಲೆ ಸ್ಲೇವಿನ ಟೋಪಿಯನ್ನು ಇನ್ನೊಮ್ಮೆ ಸರಿಸಿ ನೋಡಿ, ಒಳಗೆ ಒಣಗಿರಬೇಕು.