ಚಾಸಿಸ್ ನಂಬರ್ ಹಿಡಿದು ಒಂದು ಬಸ್ ಕಂಪನಿಯ ಚರಿತ್ರೆ ಕಟ್ಟಿದ್ದು: ನನ್ನ ಅನುಭವ

ಮಲೆನಾಡಿನ ಒಂದು ಖಾಸಗಿ ಬಸ್ ಕಂಪನಿ 1950ರ ದಶಕದಿಂದ ಓಡಿಸಿದ ಬಸ್ಸುಗಳ ಪಟ್ಟಿ ಕೊನೆಗೂ ಒಂದು ಹದಕ್ಕೆ ಬಂದಿದೆ. ಶುರುವಿನಲ್ಲಿ ಕೈಯಲ್ಲಿದ್ದದ್ದು ಹೆಚ್ಚುಕಡಿಮೆ 140 ನೋಂದಣಿ ನಂಬರುಗಳು. ಈಗ ಅವು 110ರ ಆಸುಪಾಸಿನ ಚಾಸಿಸ್‌ಗಳಾಗಿ ಕೂತಿವೆ. ಚಾಸಿಸ್ ಎಂದರೆ ಬಾಡಿಯನ್ನು ಹೊರುವ ತಳದ ಚೌಕಟ್ಟು; ಅದಕ್ಕೆ ತನ್ನದೇ ನಂಬರ್ ಇರುತ್ತದೆ. ಉಳಿದ 30ರಲ್ಲಿ ಕೆಲವು ಫೋಟೋದಲ್ಲಿ ತಪ್ಪು ಓದಿದವು. ಕೆಲವು ಹೊರರಾಜ್ಯದಿಂದ ಸೆಕೆಂಡ್ ಹ್ಯಾಂಡ್ ಬಂದು ಇಲ್ಲಿ ಹೊಸ ನಂಬರ್ ಪಡೆದ ಬಸ್ಸುಗಳ ಹಳೇ ನಂಬರುಗಳು. ಇನ್ನು ಕೆಲವು ಜಾತ್ರೆ ಸೀಸನ್ನಿಗೆ ಬೇರೆ ಮಾಲೀಕರಿಂದ ಎರವಲು ತಂದವು. ‘ಚಾಸಿಸ್ ಹಿಡಿದು ಹೋದರೆ ದಡ ಮುಟ್ಟೋದಿಲ್ಲ, 1970ರ ಹಿಂದಿನದು ಒಂದೂ ಸಿಗೋದಿಲ್ಲ’ ಎಂದವರೇ ಹೆಚ್ಚು. 1970ರ ಹಿಂದಿನವೇ 20ಕ್ಕಿಂತ ಜಾಸ್ತಿ ಸಿಕ್ಕಿವೆ. ಹಾಗೆಂದವರಲ್ಲಿ ಇಬ್ಬರು ಈಗ ಒಂದು ಚಾಸಿಸ್‌ಗೆ ಒಂದು ಕಾರ್ಡು ಬರೆಯುವ ನನ್ನ ನಮೂನೆ ಇಟ್ಟುಕೊಂಡು ತಮ್ಮ ಊರಿನ ಕಂಪನಿಯ ಕೆಲಸ ಶುರು ಮಾಡಿದ್ದಾರೆ.

ಕೆಲಸಕ್ಕೆ ಬಾರದ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ.

ಬಸ್ಸಿನ ಹೆಸರು ಹಿಡಿದು ಹೋಗುವುದು ಎಲ್ಲರೂ ಮೊದಲು ಮಾಡುವ ಕೆಲಸ. ನಮ್ಮ ಕಡೆ ಖಾಸಗಿ ಬಸ್ಸಿಗೆ ದೇವರ ಹೆಸರೋ ಮಾಲೀಕರ ಮಕ್ಕಳ ಹೆಸರೋ ಇರುತ್ತದೆ. ಆದರೆ ಆ ಹೆಸರು ಇರುವುದು ಟೈಮಿಂಗಿಗೆ. ಬೆಳಿಗ್ಗೆ ಆರೂವರೆಯ ಬಸ್ಸು ಹಳತಾಗಿ ಹೊಸದು ಬಂದರೆ ಅದರ ಹಣೆಯ ಮೇಲೂ ಅದೇ ಹೆಸರು ಬರುತ್ತದೆ. ‘ಆ ಬಸ್ಸು 30 ವರ್ಷ ಓಡಿತು’ ಎಂದು ಊರಿನವರು ಹೇಳಿದ ಒಂದು ಹೆಸರಿನ ಕೆಳಗೆ ನಾಲ್ಕು ಚಾಸಿಸ್ ಸಿಕ್ಕವು: ಒಂದು ಟಾಟಾ ಮರ್ಸಿಡಿಸ್, ಒಂದು ಲೇಲ್ಯಾಂಡ್, ಎರಡು ಟಾಟಾ.

ಬಾಡಿ ನೋಡಿ ಬಸ್ ಗುರುತಿಸುವುದು ಇನ್ನೂ ಅಪಾಯ. ಮಲೆನಾಡಿನ ಮಳೆಗೆ ಮರದ ಫ್ರೇಮಿನ ಬಾಡಿ ಚಾಸಿಸ್‌ಗಿಂತ ಎಷ್ಟೋ ಮೊದಲೇ ಕೊಳೆಯುತ್ತದೆ. ಹಾಗಾಗಿ ಒಂದೇ ಚಾಸಿಸ್ ಮೇಲೆ ಎರಡು ಬಾಡಿ ಕೂತಿರುವುದು ಸಾಮಾನ್ಯ. ಅಪಘಾತವಾದ ಬಸ್ಸಿನ ಒಳ್ಳೆಯ ಬಾಡಿ ಇನ್ನೊಂದು ಚಾಸಿಸ್ ಏರಿರುವುದೂ ಉಂಟು. ಗ್ರಿಲ್ ಕೂಡ ನಂಬಬೇಡಿ. ಟಾಟಾ ಗಾಡಿಯಲ್ಲಿ ಮರ್ಸಿಡಿಸ್‌ನ ಮೂರು ಮೊನೆಯ ನಕ್ಷತ್ರ ಕಂಡರೆ 1969ಕ್ಕೆ ಮೊದಲಿನ ಗಾಡಿ ಎಂದು ಬರೆದುಕೊಳ್ಳುವವರಿದ್ದಾರೆ. ಮರ್ಸಿಡಿಸ್ ತಯಾರಿಸುವ ಡೈಮ್ಲರ್ ಬೆಂಜ್ ಜೊತೆಗಿನ ಟಾಟಾ ಒಪ್ಪಂದ ಮುಗಿದದ್ದು ಆ ವರ್ಷ ಎಂಬುದು ನಿಜ, ಆದರೆ ಹಳೇ ಗ್ರಿಲ್ ಬಿಚ್ಚಿ ಹೊಸ ಗಾಡಿಗೆ ಹಾಕುವುದು ನಾಲ್ಕು ಬೋಲ್ಟಿನ ಕೆಲಸ.

ನಂಬರ್ ಪ್ಲೇಟ್ ಅರ್ಧ ದಾರಿ ಕರೆದುಕೊಂಡು ಹೋಗುತ್ತದೆ. ಎಂವೈ, ಎಂಇ, ಸಿಎ ಎಂದು ಶುರುವಾಗುವ ಮೂರಕ್ಷರದ ನಂಬರುಗಳಿಂದ ಮೊದಲ ನೋಂದಣಿಯ ಕಾಲ ಅಂದಾಜಾಗುತ್ತದೆ. 1989ರ ನಂತರ ಕೆಎ-14 ಶಿವಮೊಗ್ಗ, ಕೆಎ-15 ಸಾಗರ, ಕೆಎ-18 ಚಿಕ್ಕಮಗಳೂರು, ಕೆಎ-20 ಉಡುಪಿ. ಘಟ್ಟದ ಮೇಲಿನ ದಾರಿಯಲ್ಲಿ ಕೆಎ-20 ಕಂಡರೆ ಅದು ಕರಾವಳಿಯ ಮಾಲೀಕರಿಂದ ಬಂದದ್ದು ಎಂಬ ಸುಳಿವು ಸಿಗುತ್ತದೆ, ಅಷ್ಟೇ.

ಕೆಲಸ ಹಿಡಿತಕ್ಕೆ ಬಂದದ್ದು ಪರ್ಮಿಟ್‌ನ ರಿಪ್ಲೇಸ್‌ಮೆಂಟ್ ಆರ್ಡರುಗಳಿಂದ. ಸ್ಟೇಜ್ ಕ್ಯಾರೇಜ್ ಪರ್ಮಿಟ್, ಅಂದರೆ ಗೊತ್ತಾದ ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಜನರನ್ನು ಒಯ್ಯುವ ಪರವಾನಗಿ, ಇದ್ದವರು ಬಸ್ ಬದಲಾಯಿಸಬೇಕಾದರೆ ಸಾರಿಗೆ ಪ್ರಾಧಿಕಾರದ ಅನುಮತಿ ಬೇಕು. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದು 59(2), 1988ರ ಕಾಯ್ದೆಯಲ್ಲಿ 83ನೇ ಸೆಕ್ಷನ್. ಆ ಆರ್ಡರಿನಲ್ಲಿ ಹೋಗುವ ಗಾಡಿ, ಬರುವ ಗಾಡಿ ಎರಡರ ನಂಬರೂ ಒಂದೇ ಹಾಳೆಯಲ್ಲಿ ಇರುತ್ತವೆ. ಒಂದು ಪರ್ಮಿಟ್‌ನ ಆರ್ಡರುಗಳನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಆ ಟೈಮಿಂಗಿನಲ್ಲಿ ಯಾವುದರ ಹಿಂದೆ ಯಾವುದು ಬಂತು ಎಂಬ ಸರಪಳಿ ತಾನಾಗಿ ಬೀಳುತ್ತದೆ. ಹಳೇ ಕಾಯ್ದೆ ‘ಅದೇ ನಮೂನೆ, ಅದೇ ಸಾಮರ್ಥ್ಯ’ದ ಗಾಡಿ ಎನ್ನುತ್ತಿತ್ತು. ಹಾಗಾಗಿ 1989ಕ್ಕೆ ಮೊದಲಿನ ಆರ್ಡರುಗಳಲ್ಲಿ ಸೀಟಿನ ಲೆಕ್ಕ ಕಡ್ಡಾಯವಾಗಿ ಬರೆದಿರುತ್ತಾರೆ, ಬಾಡಿ ಬದಲಾದದ್ದನ್ನು ಹಿಡಿಯಲು ಅದೇ ಸಾಕು. ಹೊಸ ಕಾಯ್ದೆಯಲ್ಲಿ ‘ಅದೇ ನಮೂನೆ’ ಮಾತ್ರ ಉಳಿದಿದೆ. ಅಲ್ಲಿಂದ ಮುಂದೆ ಸೀಟಿನ ಲೆಕ್ಕ ಬೇರೆ ಕಡೆ ಹುಡುಕಬೇಕು.

ಸರಪಳಿ ತುಂಡಾಗುವ ಜಾಗ ತಾತ್ಕಾಲಿಕ ಪರ್ಮಿಟ್. ಅದರ ಅವಧಿ ಹೆಚ್ಚೆಂದರೆ ನಾಲ್ಕು ತಿಂಗಳು. ಆ ಕಾಲದ ಫೈಲುಗಳನ್ನು ಕಚೇರಿಗಳು ಬೇಗ ವಿಲೇವಾರಿ ಮಾಡುತ್ತವೆ. ಇಂಥ ಕಡೆ ಎರಡು ಮೂಲ ಕೈಹಿಡಿದವು. ಒಂದು, ಪರ್ಮಿಟ್ ತಗಾದೆಗಳ ಹೈಕೋರ್ಟ್ ತೀರ್ಪುಗಳು. ಇನ್ನೊಂದು, ಖಾಸಗಿಯವರ ದಾರಿಗಳನ್ನು ಸರ್ಕಾರಿ ಬಸ್ಸಿಗೆ ವಹಿಸುವ ರಾಷ್ಟ್ರೀಕರಣದ ಸ್ಕೀಮುಗಳ ಗೆಜೆಟ್ ಅನುಬಂಧ. 1939ರ ಕಾಯ್ದೆಗೆ 1956ರ ತಿದ್ದುಪಡಿಯಲ್ಲಿ ನಾಲ್ಕು-ಎ ಅಧ್ಯಾಯ ಸೇರಿದ ಮೇಲೆ ಬಂದ ಸ್ಕೀಮುಗಳಲ್ಲಿ ದಾರಿ ಮತ್ತು ಪರ್ಮಿಟ್‌ದಾರರ ಪಟ್ಟಿ ಸಿಗುತ್ತದೆ. ತೀರ್ಪು ಓದುವಾಗ ಕಾನೂನಿನ ಭಾಗ ಬಿಟ್ಟು ಮೊದಲ ಎರಡು ಪುಟದ ಸಂಗತಿಗಳನ್ನು ಮಾತ್ರ ನೋಡಿ.

ನಂಬರಿನಿಂದ ಚಾಸಿಸ್‌ಗೆ ಹೋಗಲು ಬಿ-ಎಕ್ಸ್‌ಟ್ರಾಕ್ಟ್, ಅಂದರೆ ಆರ್‌ಟಿಒ ಕಚೇರಿಯ ನೋಂದಣಿ ದಾಖಲೆಯ ನಕಲು, ಬೇಕು. ಆರ್‌ಟಿಐ ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್, ನಕಲಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 20 ನಂಬರ್ ಒಟ್ಟಿಗೆ ತುರುಕಿದ ಅರ್ಜಿಗಳು ವಾಪಸ್ ಬಂದವು. ಒಂದು ಅರ್ಜಿಗೆ ಒಂದು ಪರ್ಮಿಟ್, ಅದರ ಕೆಳಗೆ ನಾಲ್ಕೈದು ನಂಬರ್ ಎಂದು ಬರೆದ ಮೇಲೆ ಉತ್ತರ ಬರತೊಡಗಿತು. ಮಾಲೀಕರ ಹೆಸರು, ವಿಳಾಸ ಕೇಳಲೇಬೇಡಿ. ಖಾಸಗಿ ಮಾಹಿತಿ ಎಂದು 8(1)(ಜೆ) ಅಡಿ ಪೂರ್ತಿ ಅರ್ಜಿ ಬೀಳುತ್ತದೆ. ಚಾಸಿಸ್ ನಂಬರ್, ಎಂಜಿನ್ ನಂಬರ್, ತಯಾರಿಕೆಯ ವರ್ಷ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ಸೀಟು, ನೋಂದಣಿಯ ತಾರೀಕು, ರದ್ದಾದ ತಾರೀಕು ಇಷ್ಟೇ ಕೇಳಬೇಕು. ಅರ್ಜಿಯ ಕೊನೆಯ ಸಾಲು ಹೇಗಿದ್ದರೆ ರೆಕಾರ್ಡ್ ರೂಮಿನವರು ನಿಜಕ್ಕೂ ಕಪಾಟು ತೆಗೆಯುತ್ತಾರೆ ಎಂಬುದು ನನ್ನಲ್ಲೇ ಇರಲಿ.

ಕಂಪ್ಯೂಟರಿಗೆ ಏರಿಸುವಾಗ ಆದ ಟೈಪಿಂಗ್ ತಪ್ಪುಗಳು ವಿಪರೀತ. 17 ಅಕ್ಷರದ ಹೊಸ ಚಾಸಿಸ್ ನಂಬರಿನಲ್ಲಿ ಟಾಟಾಗೆ ಎಂಎಟಿ, ಲೇಲ್ಯಾಂಡಿಗೆ ಎಂಬಿ1 ಎಂದು ಶುರುವಾಗುತ್ತದೆ. ಅದರಲ್ಲಿ ಐ, ಒ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ‘ಒ’ ಕಂಡರೆ ಸೊನ್ನೆ ಎಂದು ಧೈರ್ಯವಾಗಿ ತಿದ್ದಬಹುದು. ಅದಕ್ಕೂ ಹಿಂದಿನ ನಂಬರುಗಳಿಗೆ ಈ ನಿಯಮ ಹಚ್ಚಬಾರದು. ಆರು ಅಂಕಿಯ ಮಾಡೆಲ್ ಸಂಕೇತ, ಮೂರು ಅಕ್ಷರ, ಆರು ಅಂಕಿಯ ಕ್ರಮಸಂಖ್ಯೆ ಇರುವ ಹಳೇ ಟಾಟಾ ನಂಬರಿನಲ್ಲಿ ನಡುವಿನ ಅಕ್ಷರಗಳೇ ಅಮೂಲ್ಯ. ಅವುಗಳನ್ನು ತಿಂಗಳು, ವರ್ಷಕ್ಕೆ ಹೊಂದಿಸುವ ಕೋಷ್ಟಕ ನಾನು ಕಟ್ಟಿಕೊಂಡದ್ದು, ಇಲ್ಲಿ ಹಾಕುವುದಿಲ್ಲ. ತಾರೀಕು ಗೊತ್ತಿರುವ 30 ಗಾಡಿ ಸೇರಿಸಿದರೆ ಯಾರಿಗಾದರೂ ಬಿಡಿಸಲು ಬರುತ್ತದೆ.

ಕಾಗದ ಸಿಗದ ಗಾಡಿಗೆ ಗುಜರಿಯೇ ಗತಿ. ನಂಬರ್ ಇರುವುದು ಸಾಮಾನ್ಯವಾಗಿ ಬಲಗಡೆ ಲಾಂಗ್ ಮೆಂಬರಿನ (ಚಾಸಿಸ್‌ನ ಉದ್ದದ ತೊಲೆಯ) ಮೇಲೆ, ಮುಂದಿನ ಚಕ್ರದ ಆಸುಪಾಸಿನಲ್ಲಿ. ಗ್ರೀಸು, ಮಣ್ಣು ಸೇರಿ ಗಟ್ಟಿಯಾಗಿರುತ್ತದೆ. ಡೀಸೆಲ್ ಹಚ್ಚಿ ಅರ್ಧ ಗಂಟೆ ಬಿಡಿ, ಚಪ್ಪಟೆ ಪಟ್ಟಿಯಿಂದ ಕೆರೆದು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ. ಉಕ್ಕಿನ ಬ್ರಷ್ ಸವೆದ ಅಂಕಿಯನ್ನು ಇನ್ನೂ ಸವೆಸುತ್ತದೆ. ಗ್ರೈಂಡರ್ ಅಂತೂ ಹತ್ತಿರ ತರಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ, ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಉಜ್ಜಿದರೆ ಪ್ರಿಂಟ್ ಬರುತ್ತದೆ. ಮೂರು ಪ್ರಿಂಟ್ ತೆಗೆಯಿರಿ, ಬೇರೆ ಬೇರೆ ದಿಕ್ಕಿನಲ್ಲಿ ಉಜ್ಜಿ. 3 ಮತ್ತು 8, 1 ಮತ್ತು 7 ಒಂದರಲ್ಲಿ ಮೋಸ ಮಾಡಿದರೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತವೆ. ಅಂಕಿಗಳು ಮೇಲೆ ಕೆಳಗೆ ಕುಣಿದಂತಿದ್ದರೆ ಅದು ರಿಪೇರಿಯ ನಂತರ ಕೈಯಲ್ಲಿ ಮತ್ತೆ ಪಂಚ್ ಮಾಡಿದ್ದು; ಆರ್‌ಸಿಯಲ್ಲಿ ಅದರ ಷರಾ ಹುಡುಕಿ. ಬಿರುಕು ಬಿಟ್ಟ ಫ್ರೇಮಿಗೆ ಪಟ್ಟಿ ವೆಲ್ಡ್ ಮಾಡಿ ನಂಬರೇ ಮುಚ್ಚಿಹೋಗಿದ್ದ ಎರಡು ಗಾಡಿಗಳಿಗೆ ಏನೂ ಮಾಡಲು ಬರಲಿಲ್ಲ.

ಎಂಜಿನ್ ನಂಬರನ್ನು ಗುರುತಾಗಿ ಹಿಡಿಯಬೇಡಿ. ಡಿಪೋದಲ್ಲಿ ಎಂಜಿನ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಮೊದಲ ತಲೆಮಾರಿನ ಬೆಡ್‌ಫೋರ್ಡ್, ಫಾರ್ಗೋ ಗಾಡಿಗಳ ವಿಷಯ ಇನ್ನೂ ಬೇರೆ. ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಪಿ6 ಡೀಸೆಲ್ ಕೂರಿಸುವುದು ಆಗ ಚಾಲ್ತಿಯಲ್ಲಿತ್ತು. ಮದ್ರಾಸಿನ ಸಿಂಪ್ಸನ್ ಆ ಎಂಜಿನ್ ತಯಾರಿಸುತ್ತಿತ್ತು. ಆರ್‌ಸಿಯಲ್ಲಿ ಬೆಡ್‌ಫೋರ್ಡ್, ಎಂಜಿನ್ ನಂಬರ್ ಪರ್ಕಿನ್ಸಿನದು ಎಂದರೆ ಎರಡು ಗಾಡಿ ಎಂದು ಎಣಿಸಬಾರದು. ಎಂಜಿನ್‌ನ ಉಪಯೋಗ ಮಾಡೆಲ್ ತಿಳಿಯಲು. ಟಾಟಾ ಎಂಜಿನ್ನಿಗೆ 697 ಎಂದು ಬರೆದಿದ್ದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ). 692 ಎಂದರೆ ಅದರ ಹಿಂದಿನ 92 ಮಿಲಿಮೀಟರಿನದು. ಟಾಟಾ ಚಾಸಿಸ್ ಮಾಡೆಲಿನ 1210, 1510, 1512 ಕೂಡ ಹಾಗೆಯೇ ಮಾತಾಡುತ್ತವೆ: ಮೊದಲೆರಡು ಅಂಕಿ ಸುಮಾರು ಟನ್, ಕೊನೆಯೆರಡನ್ನು ಹತ್ತರಿಂದ ಗುಣಿಸಿದರೆ ಸುಮಾರು ಅಶ್ವಶಕ್ತಿ.

ಯಾರೂ ಲೆಕ್ಕಕ್ಕೆ ಇಡದ ಟೈರ್ ರಿಜಿಸ್ಟರ್ ನಿಧಿ ಇದ್ದ ಹಾಗೆ. ಪ್ರತಿ ಟೈರಿನ ನಂಬರ್, ಯಾವ ಬಸ್ಸಿಗೆ ಯಾವ ದಿನ ಹಾಕಿದ್ದು, ಎಷ್ಟು ಕಿಲೋಮೀಟರಿಗೆ ರೀಟ್ರೇಡಿಂಗಿಗೆ (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸಲು) ಹೋಯಿತು ಎಲ್ಲ ಅದರಲ್ಲಿದೆ. ಟೈರಿಗೆ ದುಡ್ಡು ಹೋಗುತ್ತದೆ, ಹಾಗಾಗಿ ಯಾವ ಮಾಲೀಕರೂ ಅದರಲ್ಲಿ ಸಡಿಲ ಬಿಡುವುದಿಲ್ಲ. ಒಂದು ನಂಬರಿಗೆ ಕೊನೆಯ ಟೈರ್ ಹಾಕಿದ ತಾರೀಕಿನಿಂದ ಅದು ದಾರಿಯಿಂದ ಇಳಿದ ಕಾಲ ಸಿಗುತ್ತದೆ. ನೋಂದಣಿ ರದ್ದಾದ ತಾರೀಕು ಇದಕ್ಕಿಂತ ಎರಡು ಮೂರು ವರ್ಷ ತಡವಾಗಿರುವುದು ಮಾಮೂಲು. 9.00-20 ಅಳತೆಯ ದೊಡ್ಡ ಟೈರಿನ ಪಟ್ಟಿಯ ನಡುವೆ 7.50-16ರ ಚಿಕ್ಕದು ಕಂಡರೆ ಮಿನಿಬಸ್ ಬಂತು ಎಂದರ್ಥ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಿಗೆ ಉದ್ದದ ಬಸ್ ಒಗ್ಗುವುದಿಲ್ಲ. ಘಟ್ಟ ಇಳಿಯುವ ದಾರಿಯ ಪರ್ಮಿಟ್‌ಗಳಲ್ಲಿ ಗಿಡ್ಡ ಗಾಡಿಗಳ ಸರಪಳಿಯೇ ಬೇರೆ ಇದೆ.

ಇನ್ನು ಎರಡು ಪಕ್ಕದ ಪ್ರಯೋಗ. ಮೊದಲನೆಯದು, ಫೋಟೋದಿಂದ ವೀಲ್‌ಬೇಸ್ ಅಳೆಯುವುದು. 9.00-20 ಟೈರಿನ ಹೊರವ್ಯಾಸ ಸುಮಾರು 1,020 ಮಿಲಿಮೀಟರ್. ಚಕ್ರದ ನಡುವಿನಿಂದ ನಡುವಿಗೆ ಇರುವ ಅಂತರವನ್ನು ಟೈರಿನ ವ್ಯಾಸದಿಂದ ಭಾಗಿಸಿ. ಟಾಟಾದ 205 ಇಂಚಿಗೆ 5.1 ಬರುತ್ತದೆ, ಲೇಲ್ಯಾಂಡಿನ 222 ಇಂಚಿಗೆ 5.5. ಬಸ್ಸು ಓರೆಯಾಗಿ ನಿಂತಿದ್ದರೆ ಕೆಲಸವಿಲ್ಲ ಎಂದು ಬಿಡುವವರು ಹೆಚ್ಚು. ಓರೆಯಲ್ಲಿ ಚಕ್ರ ಮೊಟ್ಟೆಯಾಕಾರ ಕಾಣುತ್ತದಲ್ಲ, ಅದರ ಎತ್ತರ ಅಳೆಯಬೇಡಿ, ಅಡ್ಡಗಲ ಅಳೆಯಿರಿ. ವೀಲ್‌ಬೇಸ್ ಎಷ್ಟು ಕುಗ್ಗಿದೆಯೋ ಅಡ್ಡಗಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗಿರುತ್ತದೆ. ಮುಂದಿನ, ಹಿಂದಿನ ಚಕ್ರಗಳ ಸರಾಸರಿ ಹಿಡಿಯಿರಿ. 0.15ರಷ್ಟು ಆಚೀಚೆ ಇದ್ದೇ ಇರುತ್ತದೆ. 205 ಮತ್ತು 222 ಬೇರೆಯಾಗುತ್ತವೆ. 218 ಮತ್ತು 222 ಆಗುವುದಿಲ್ಲ.

ಎರಡನೆಯದು ಬಣ್ಣದ ಉಂಗುರ. ಗುಜರಿಯವರ ಒಪ್ಪಿಗೆ ಪಡೆದು ಹಳೇ ಶೀಟಿನ ಮೇಲೆ ನಾಣ್ಯದಗಲ ಜಾಗವನ್ನು ನೀರು ಹಾಕಿ 220, 400, 800ರ ವಾಟರ್ ಪೇಪರಿನಲ್ಲಿ ಉಜ್ಜಿದರೆ ಪದರಗಳು ಉಂಗುರಗಳಾಗಿ ತೆರೆದುಕೊಳ್ಳುತ್ತವೆ. ತಳದಲ್ಲಿ ಹಸಿರು ಹಳದಿಯ ಜಿಂಕ್ ಕ್ರೋಮೇಟ್ ಇದ್ದರೆ ಅಲ್ಯೂಮಿನಿಯಂ ಶೀಟು, ರೆಡ್ ಆಕ್ಸೈಡ್ ಇದ್ದರೆ ಕಬ್ಬಿಣ. ನಡುವೆ ದಪ್ಪ ಪುಟ್ಟಿ ಬಂದರೆ ಅಲ್ಲಿಗೆ ಒಂದು ದೊಡ್ಡ ಬಾಡಿ ಕೆಲಸ ಆಗಿದೆ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಒಣಗಿದ್ದಾಗ ಉಜ್ಜಬಾರದು. ಕಂಪನಿಯ ನೀಲಿ ಪಟ್ಟಿ ಮೊದಲು ಹಸಿರಾಗಿತ್ತು ಎಂದು ಗೊತ್ತಾದದ್ದು ಇದರಿಂದಲೇ. ಕಪ್ಪುಬಿಳುಪು ಫೋಟೋಗಳನ್ನು ಹಸಿರು ಪಟ್ಟಿಯ ಕಾಲದವು, ನೀಲಿ ಪಟ್ಟಿಯ ಕಾಲದವು ಎಂದು ಬೇರೆ ಮಾಡಲು ಆಮೇಲೆ ದಾರಿಯಾಯಿತು. ಯಾವ ಜಾಗದಲ್ಲಿ ಪದರ ಪೂರ್ತಿ ಉಳಿದಿರುತ್ತದೆ ಎಂಬುದನ್ನು ಉಜ್ಜುತ್ತಾ ಹೋದವರು ಕಂಡುಕೊಳ್ಳುತ್ತಾರೆ.

ಖರ್ಚು ನೆನಪಿನಿಂದ ಹೇಳುವುದಾದರೆ ಒಟ್ಟು 45,000 ದಾಟಿಲ್ಲ. ಆರ್‌ಟಿಐ, ಅಂಚೆ, ನಕಲು ಎಲ್ಲ ಸೇರಿ 3,000ದ ಒಳಗೆ. ಓಡಾಟಕ್ಕೆ 20,000 ಹೋಗಿರಬೇಕು. ಹಳೇ ಫೋಟೋ ಕೊಂಡದ್ದಕ್ಕೆ 8,000. ಅದರಲ್ಲಿ ಕೆಲಸಕ್ಕೆ ಬಂದದ್ದು ಐದಾರು ಫೋಟೋ. ಟೈರ್ ರಿಜಿಸ್ಟರುಗಳು ರದ್ದಿಯ ತೂಕದ ಬೆಲೆಗೆ ಸಿಕ್ಕವು, ಇಡೀ ಕಂತೆಗೆ 600 ರೂಪಾಯಿ. ಬಿಡಿಬಿಡಿಯಾಗಿ ಆರಿಸಲು ಹೋದರೆ ಅದೇ ಪುಸ್ತಕಕ್ಕೆ ಸಾವಿರ ಹೇಳುತ್ತಾರೆ. ಕಂತೆಯಾಗಿಯೇ ಕೊಳ್ಳಿ. ಉಳಿದದ್ದು ಸ್ಕ್ಯಾನಿಂಗ್, ಕಾರ್ಡು, ಕಪಾಟು.

ಕಾರ್ಡಿನ ನಿಯಮ ಇಷ್ಟು: ಒಂದು ಚಾಸಿಸ್‌ಗೆ ಒಂದೇ ಕಾರ್ಡು. ಅದರ ಕೆಳಗೆ ನಂಬರುಗಳು, ಬಾಡಿಗಳು, ಪರ್ಮಿಟ್‌ಗಳು, ಹೆಸರುಗಳು ತಾರೀಕಿನೊಂದಿಗೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆ ಒಪ್ಪಿದರೆ ಇಂಕು, ಒಂದೇ ಇದ್ದರೆ ಪೆನ್ಸಿಲು. ರಿಪ್ಲೇಸ್‌ಮೆಂಟ್ ಆರ್ಡರ್ ಮತ್ತು ಬಿ-ಎಕ್ಸ್‌ಟ್ರಾಕ್ಟ್ ಒಂದೇ ಕಚೇರಿಯ ಕಾಗದವಾದರೂ ಎರಡು ಎಂದೇ ಎಣಿಸುತ್ತೇನೆ, ಏಕೆಂದರೆ ಬರೆದ ಕೈ ಬೇರೆ, ರಿಜಿಸ್ಟರ್ ಬೇರೆ. ಡ್ರೈವರ್, ಕಂಡಕ್ಟರುಗಳ ನೆನಪು ಎಷ್ಟೇ ಗಟ್ಟಿಯಿದ್ದರೂ ಪೆನ್ಸಿಲೇ. ಸದ್ಯ ಮುಕ್ಕಾಲು ಪಾಲು ಕಾರ್ಡು ಇಂಕಿನಲ್ಲಿವೆ. ಪೆನ್ಸಿಲಿನಲ್ಲಿ ಉಳಿದವುಗಳಲ್ಲಿ ಹೆಚ್ಚಿನವು 1960ರ ಹಿಂದಿನ ಬೆಡ್‌ಫೋರ್ಡ್, ಫಾರ್ಗೋ ಗಾಡಿಗಳು. ಅವುಗಳ ಮೊದಲ ನೋಂದಣಿ 1956ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಆಗಿರುವ ಲಕ್ಷಣ ಕಾಣುತ್ತಿದೆ. ಹಾಗಾಗಿ ಮುಂದಿನ ಅರ್ಜಿಗಳು ಚೆನ್ನೈಗೆ ಹೊರಟಿವೆ.