ಸ್ಟೀಲ್ ತಂತಿ, ತಾಪ ನಿಯಂತ್ರಣ ಮತ್ತು ಹೊಸ ಟ್ಯಾಂಕ್: ನನ್ನ ಅನುಭವ

ಇ-ಸಿಗರೇಟಿನಲ್ಲಿ ದ್ರವ ತುಂಬುವ ಭಾಗವೇ ಟ್ಯಾಂಕ್, ಅದರೊಳಗೆ ಹತ್ತಿ ಹೀರಿದ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಯ ಸುರುಳಿಯೇ ಕಾಯಿಲ್. ಕೈಯಾರೆ ಕಾಯಿಲ್ ಸುತ್ತಿ ಕೂರಿಸುವ ಟ್ಯಾಂಕಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹಾಕಿ, ವ್ಯಾಟ್ ಲೆಕ್ಕ ಬಿಟ್ಟು ತಾಪ ನಿಯಂತ್ರಣದ ಮೇಲೆ (ಕಾಯಿಲ್ ಕಾದಂತೆ ಏರುವ ರೋಧದಿಂದ ತಾಪ ಅಳೆದು ವಿದ್ಯುತ್ತನ್ನು ತಡೆಯುವ ಬಗೆ) ದಮ್ಮು ಎಳೆಯುವುದು ನೆಚ್ಚಿಕೊಳ್ಳುವಂಥ ವಿಧಾನವಲ್ಲ ಎಂದು ವೇಪಿಂಗ್‌ನಲ್ಲಿ ನನಗಿಂತ ಹಳಬರಾದವರೆಲ್ಲ ಹೇಳುತ್ತ ಬಂದಿದ್ದರು. 2014ರಲ್ಲಿ ಇವಾಲ್ವ್ ಕಂಪನಿಯ ಡಿಎನ್‌ಎ 40 ಚಿಪ್ ನಿಕ್ಕಲ್ ತಂತಿಗೆಂದು ಬಂದಂದಿನಿಂದ ಮಾಡ್‌ಗಳಲ್ಲಿ (ಟ್ಯಾಂಕ್ ಕೂರುವ ಬ್ಯಾಟರಿ ಪೆಟ್ಟಿಗೆಗಳಲ್ಲಿ) ಈ ಸೌಲಭ್ಯ ಇದೆ. ಆದರೂ ಬಹುಪಾಲು ಜನ ಒಂದೆರಡು ಸಲ ಪ್ರಯತ್ನಿಸಿ, ಓಮ್ ಅಂಕಿ, ಅಂದರೆ ಕಾಯಿಲ್‌ನ ರೋಧ, ಏರಿಳಿಯುವುದನ್ನು ಕಂಡು, ಮರಳಿ ವ್ಯಾಟ್ ಲೆಕ್ಕದಲ್ಲೇ ನಡೆಯುವ ಮಿಶ್ರಲೋಹದ ತಂತಿಯಾದ ಕ್ಯಾಂಥಲ್‌ಗೇ ಹೋಗಿದ್ದಾರೆ. ನಾನು ಹೊಸದಾಗಿ ಕೊಂಡ 24 ಮಿ.ಮೀ. ಅಗಲದ ಒಂಟಿ ಕಾಯಿಲ್ ಟ್ಯಾಂಕಿನಲ್ಲಿ ಈಗ ಹಲವು ತಿಂಗಳಿಂದ ಇದೇ ವಿಧಾನ ಸುಟ್ಟ ದಮ್ಮಿನ ಸುಳಿವೇ ಇಲ್ಲದೆ ನಡೆಯುತ್ತಿರುವುದರಿಂದ, ಮಾಡಿದ್ದೇನು ಎಂಬುದನ್ನು ಬರೆದಿಡಬೇಕೆನಿಸಿತು. ಕಾಯಿಲ್ ಸುತ್ತಲು, ಹತ್ತಿ ಹಾಕಲು, ಓಮ್ ನೋಡಲು ಬಲ್ಲವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಟ್ಯಾಂಕಿನ ವಿಷಯ ಮೊದಲು ಹೇಳುತ್ತೇನೆ. ಗಾಳಿ ಕೆಳಗಿನಿಂದ ಬಂದು ನೇರವಾಗಿ ಕಾಯಿಲ್‌ನ ಹೊಟ್ಟೆಗೆ ತಾಗುತ್ತದೆ. ಕಾಯಿಲ್ ಕೂರಿಸುವ ತಳವಾದ ಡೆಕ್ಕಿನ ಎರಡು ಬದಿಯಲ್ಲಿ ಎರಡು ಪೋಸ್ಟ್‌ಗಳಿದ್ದು, ಒಂದೊಂದರಲ್ಲೂ ತಂತಿಯ ಕಾಲನ್ನು ಒತ್ತಿ ಹಿಡಿಯುವ ಒಂದು ಸ್ಕ್ರೂ ಇದೆ. ಹತ್ತಿಗೆ ಎರಡು ಅಗಲವಾದ ಕುಳಿಗಳಿವೆ. ನೆಗೆಟಿವ್ ಪೋಸ್ಟ್ ಡೆಕ್ಕಿನ ಲೋಹದಿಂದಲೇ ಕಡೆದದ್ದು. ಪಾಸಿಟಿವ್ ಪೋಸ್ಟ್ ಮಾತ್ರ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಕೂತಿದ್ದು, ಅದನ್ನು ಕೆಳಗಿನಿಂದ, ಮಾಡ್‌ನಿಂದ ವಿದ್ಯುತ್ ತರುವ 510 ಪಿನ್ ಬಿಗಿದು ಹಿಡಿಯುತ್ತದೆ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಬೇಕು, ಏಕೆಂದರೆ ಇಡೀ ತೊಂದರೆಯ ಬೇರು ಅಲ್ಲಿಯೇ ಇತ್ತು. ತಯಾರಿಕೆ ಒಟ್ಟಿನಲ್ಲಿ ಚೆನ್ನಾಗಿದೆ. ತಿರುಪಿನ ಹಲ್ಲುಗಳು ನಯವಾಗಿವೆ, ಗಾಳಿಯ ಉಂಗುರ ತನ್ನಷ್ಟಕ್ಕೆ ಜಾರುವುದಿಲ್ಲ. ಆದರೆ ಪೆಟ್ಟಿಗೆಯಿಂದ ತೆಗೆದಾಗ ಡೆಕ್ಕಿನ ಕುಳಿಗಳಲ್ಲಿ ಯಂತ್ರದ ಎಣ್ಣೆಯ ಪಸೆ ಇತ್ತು. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ತೊಳೆಯದೆ ಯಾರೂ ಇಂಥದ್ದನ್ನು ಬಳಸಬಾರದು.

ಮೊದಲ ವಾರಗಳು ನಿರಾಶೆಯಲ್ಲಿಯೇ ಕಳೆದವು. ಒಂದು ಕಾಯಿಲ್ ಕೂರಿಸಿ 0.50 ಓಮ್ ಎಂದು ಬೀಗ ಹಾಕಿ (ತಣ್ಣನೆಯ ಕಾಯಿಲ್‌ನ ಅಂಕಿಯನ್ನು ಮಾಡ್‌ನಲ್ಲಿ ಕಾಯಂ ಮಾಡಿ) ಎಳೆದರೆ ಬೆಳಗ್ಗೆ ಸೊಗಸಾಗಿ ಇರುತ್ತಿತ್ತು, ಸಂಜೆಗೆ ಆವಿಯೇ ಬರುತ್ತಿರಲಿಲ್ಲ. ಗುಂಡಿ ಒತ್ತಿದ ಕ್ಷಣಕ್ಕೇ ಮಾಡ್ ತಾಪ ಮುಟ್ಟಿತೆಂದು ವಿದ್ಯುತ್ತನ್ನು ತಡೆದುಬಿಡುತ್ತಿತ್ತು. ಮತ್ತೊಂದು ದಿನ ಅದಕ್ಕೆ ತದ್ವಿರುದ್ಧವಾಗಿ, 210 ಡಿಗ್ರಿಗೆ ಇಟ್ಟಿದ್ದರೂ ಹತ್ತಿ ಕಪ್ಪಗಾಗಿ ಗಂಟಲು ಕೆರೆಯುವಂಥ ದಮ್ಮು ಬರುತ್ತಿತ್ತು. ಆವಿ ಬಾರದಿರುವುದನ್ನು ಸಹಿಸಬಹುದು, ಸುಟ್ಟ ದಮ್ಮನ್ನು ಸಹಿಸಬಾರದು. ದ್ರವ ಸಾಲದೆ ಕಾಯಿಲ್ ಕಾದಾಗ ಗ್ಲಿಸರಿನ್ ಒಡೆದು ಅಕ್ರೋಲಿನ್ ಎಂಬ ವಿಷವಸ್ತು ಉಂಟಾಗುತ್ತದೆ, ಫಾರ್ಮಾಲ್ಡಿಹೈಡ್ ಕೂಡ ಹುಟ್ಟುತ್ತದೆ. ಹಾಗಾಗಿ ಇದು ಬರಿಯ ರುಚಿಯ ಪ್ರಶ್ನೆಯಲ್ಲ, ನಾನು ತಾಪ ನಿಯಂತ್ರಣದ ಬೆನ್ನು ಬಿದ್ದದ್ದೂ ಈ ಕಾರಣಕ್ಕಾಗಿಯೇ. ಮಾಡ್ ಕೆಟ್ಟಿದೆ ಎಂದು ಕೆಲವರು, ಸ್ಟೀಲ್ ತಂತಿಯೇ ಇದಕ್ಕೆ ಲಾಯಕ್ಕಲ್ಲ ಎಂದು ಹಲವರು ಹೇಳಿದರು. ಬೇರೊಂದು ಮಾಡ್ ಎರವಲು ತಂದು ನೋಡಿದೆ, ಅದರಲ್ಲಿಯೂ ಅದೇ ಕಥೆ. ಅಲ್ಲಿಗೆ ಮಾಡ್ ಮೇಲಿನ ಅನುಮಾನ ತೀರಿತು.

ಕಾಗದ ತೆಗೆದುಕೊಂಡು ಲೆಕ್ಕ ಹಾಕಲು ಕೂತಾಗ ವಿಷಯ ಸ್ಪಷ್ಟವಾಯಿತು. ನಾನು ಬಳಸುವ 316ಎಲ್ ಸ್ಟೀಲಿನ ತಾಪ ಗುಣಾಂಕ, ಅಂದರೆ ಒಂದು ಡಿಗ್ರಿಗೆ ರೋಧ ಏರುವ ಪ್ರಮಾಣ, ಸುಮಾರು 0.00092. ಅಂದರೆ ಕೋಣೆಯ ಉಷ್ಣತೆಯಲ್ಲಿ 0.50 ಓಮ್ ಇರುವ ಕಾಯಿಲ್ 200 ಡಿಗ್ರಿ ಮೇಲೇರಿದರೆ ಅದರ ರೋಧ 0.59ರ ಆಸುಪಾಸಿಗೆ ಬರುತ್ತದೆ. ಮಾಡ್‌ಗೆ ಓದಲು ಸಿಗುವುದು 0.09 ಓಮ್‌ನಷ್ಟು ಸಣ್ಣ ಅಂತರ ಮಾತ್ರ. ನಿಕ್ಕಲ್‌ನ ಗುಣಾಂಕ ಇದರ ಆರು ಪಟ್ಟಿಗೂ ಹೆಚ್ಚು, ಟೈಟೇನಿಯಂನದು ಮೂರು ನಾಲ್ಕು ಪಟ್ಟು. ಕ್ಯಾಂಥಲ್‌ನದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದಲೇ ಅದು ಈ ಕೆಲಸಕ್ಕೆ ಬಾರದು. ಸ್ಟೀಲಿನ ಈ ಕಿರಿದಾದ ಅಂತರದಲ್ಲಿ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿ 0.02 ಓಮ್ ವ್ಯತ್ಯಾಸ ಬಂದರೆ ಅದು ಮಾಡ್‌ನ ಕಣ್ಣಿಗೆ 40ರಿಂದ 45 ಡಿಗ್ರಿಯಾಗಿ ಕಾಣುತ್ತದೆ. ಬೀಗ ಹಾಕಿದ ಮೇಲೆ ಜೋಡಣೆ ಸಡಿಲವಾದರೆ ಕಾಯಿಲ್ ಆಗಲೇ ಕಾದಿದೆ ಎಂದು ಭಾವಿಸಿ ಮಾಡ್ ಬೇಗ ತಡೆಯುತ್ತದೆ. ಸಡಿಲವಿದ್ದಾಗ ಬೀಗ ಹಾಕಿ, ಆಮೇಲೆ ಅದು ತಾನಾಗಿ ಕಚ್ಚಿಕೊಂಡರೆ ಕಾಯಿಲ್ ಇನ್ನೂ ತಣ್ಣಗಿದೆ ಎಂದು ಭಾವಿಸಿ ಸುಡುತ್ತದೆ. ನನಗೆ ಎದುರಾದ ಎರಡು ತೊಂದರೆಗಳೂ ಹೀಗೆ ಒಂದೇ ಕಾರಣದ ಎರಡು ಮುಖಗಳಾಗಿದ್ದವು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಲೆಕ್ಕವೇ ತೋರಿಸಿಕೊಟ್ಟಿತು ಎಂಬ ಹೆಮ್ಮೆ ನನಗಿದೆ.

ಸಡಿಲವಿರುವ ಜಾಗವನ್ನು ಹುಡುಕುವುದು ಉಳಿದಿತ್ತು. ಪೋಸ್ಟಿನ ಸ್ಕ್ರೂಗಳನ್ನು ಎಷ್ಟು ಬಿಗಿದರೂ ಅಂಕಿ ನಿಲ್ಲದಿದ್ದಾಗ, ಡೆಕ್ ತಿರುವಿ ಹಾಕಿ 510 ಪಿನ್ನನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿ ನೋಡಿದೆ. ಹೆಚ್ಚುಕಡಿಮೆ ಕಾಲು ಸುತ್ತು ಸುಲಭವಾಗಿ ತಿರುಗಿತು. ಡೆಕ್ ಕಾದು ತಣಿಯುವಾಗೆಲ್ಲ ಪ್ಲಾಸ್ಟಿಕ್ ಬಿಲ್ಲೆ ಹಿಗ್ಗಿ ಕುಗ್ಗಿ, ಪಿನ್ ದಿನದಿನಕ್ಕೆ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತಿತ್ತು. ತಂತಿಯ ಕಾಲು ಬಿಗಿಯುವಾಗ ಪಾಸಿಟಿವ್ ಪೋಸ್ಟ್ ತಾನೂ ಒಂದಿಷ್ಟು ತಿರುಗಿ ಕೂರುತ್ತಿದ್ದುದಕ್ಕೂ ಇದೇ ಕಾರಣ. ಈಗ ಪ್ರತಿ ಸಲ ಕಾಯಿಲ್ ಬದಲಿಸುವಾಗ ಮೊದಲ ಕೆಲಸವೇ ಪಿನ್ ಬಿಚ್ಚಿ, ಹಲ್ಲುಗಳನ್ನು ಆಲ್ಕೊಹಾಲ್‌ನಲ್ಲಿ ಒರೆಸಿ, ಪೋಸ್ಟನ್ನು ಇಕ್ಕಳದಲ್ಲಿ ಬಟ್ಟೆ ಸುತ್ತಿ ಮೆಲ್ಲಗೆ ಹಿಡಿದು ಪಿನ್ ಬಿಗಿಯುವುದು. ಅತಿಯಾಗಿ ಬಿಗಿದರೆ ಬಿಲ್ಲೆ ಸೀಳುತ್ತದೆ. ಮತ್ತೆ ಸಡಿಲವಾಗದಂತೆ ಪಿನ್ನಿನ ಬುಡದಲ್ಲಿ ನಾನು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದು ನನ್ನದೇ ಹುಡುಕಾಟವಾದ್ದರಿಂದ ಸದ್ಯಕ್ಕೆ ನನ್ನಲ್ಲಿಯೇ ಇರಲಿ. ಅದಿಲ್ಲದಿದ್ದರೂ ವಿಧಾನ ಕೆಲಸ ಮಾಡುತ್ತದೆ, ಪಿನ್ನಿನ ಪರೀಕ್ಷೆಯನ್ನು ತುಸು ಬೇಗ ಬೇಗ ಮಾಡಬೇಕಾಗುತ್ತದೆ, ಅಷ್ಟೆ.

ಪಿನ್ ಸರಿಹೋದ ಮೇಲೆ ಅಂಕಿ ಬಹುಮಟ್ಟಿಗೆ ನಿಂತಿತು. ಉಳಿದ ಅಲುಗಾಟ ಕಾಯಿಲ್‌ನದು. ನಾನು ಬಳಸುವುದು 26 ಗೇಜಿನ, ಅಂದರೆ 0.40 ಮಿ.ಮೀ. ದಪ್ಪದ ತಂತಿ, 3 ಮಿ.ಮೀ. ಸಲಾಕೆಯ ಮೇಲೆ 7 ಸುತ್ತು. ಕಾಲುಗಳು ಸೇರಿ 0.48ರಿಂದ 0.50 ಓಮ್ ಬರುತ್ತದೆ. ಸುತ್ತುಗಳು ಒಂದಕ್ಕೊಂದು ತಾಗಬಾರದು. ಕ್ಯಾಂಥಲ್‌ನ ಮೇಲೆ ಕೆಂಪಗೆ ಕಾಯಿಸಿದಾಗ ಮೂಡುವ ಪದರ ಸುತ್ತುಗಳ ನಡುವೆ ವಿದ್ಯುತ್ತನ್ನು ತಡೆಯುತ್ತದೆ. ಸ್ಟೀಲಿನಲ್ಲಿ ಆ ರಕ್ಷಣೆಯನ್ನು ನೆಚ್ಚಲಾಗದು, ಅದನ್ನು ಕೆಂಪಗೆ ಕಾಯಿಸುವುದೂ ನನಗೆ ಒಪ್ಪಿಗೆಯಿಲ್ಲ. ತಾಗಿದ ಸುತ್ತುಗಳು ಒಮ್ಮೆ ಬೆಸೆದು ಒಮ್ಮೆ ಬಿಟ್ಟು ಓಮ್ ಅಂಕಿಯನ್ನು ಕೆಡಿಸುತ್ತವೆ. ಎರಡು ತಂತಿಗಳನ್ನು ಜೋಡಿಯಾಗಿ ಸಲಾಕೆಗೆ ಸುತ್ತಿ ಆಮೇಲೆ ಒಂದನ್ನು ಬಿಡಿಸಿ ತೆಗೆದರೆ ಉಳಿದ ಕಾಯಿಲ್‌ನಲ್ಲಿ ಅಂತರ ಒಂದೇ ಸಮನಾಗಿ ಬರುತ್ತದೆ. ಕೈಯಿಂದ ಹಿಗ್ಗಿಸಿದ ಕಾಯಿಲ್‌ಗೆ ಆ ಅಚ್ಚುಕಟ್ಟು ಎಂದೂ ಬರಲಿಲ್ಲ. ಕಾಲುಗಳನ್ನು ಆದಷ್ಟು ಗಿಡ್ಡವಾಗಿ ಇಡಬೇಕು. ಉದ್ದ ಕಾಲು ಹೆಚ್ಚು ಕಾಯುವುದಿಲ್ಲ, ಆದರೆ ಅದರ ರೋಧವೂ ಲೆಕ್ಕಕ್ಕೆ ಸೇರಿಕೊಂಡು ಮಾಡ್ ನಿಜಕ್ಕಿಂತ ಕಡಿಮೆ ತಾಪ ತೋರಿಸುತ್ತದೆ, ಅಷ್ಟರ ಮಟ್ಟಿಗೆ ಕಾಯಿಲ್ ಹೆಚ್ಚು ಕಾಯುತ್ತದೆ. ಸ್ಕ್ರೂ ತಲೆಯ ಅಂಚು ತಂತಿಯನ್ನು ಕತ್ತರಿಸದಂತೆ ಮುಕ್ಕಾಲು ಭಾಗ ಬಿಗಿದು, ಕಡಿಮೆ ವ್ಯಾಟಿನಲ್ಲಿ ಕೆಲವು ಸಲ ಚಿಕ್ಕದಾಗಿ ಕಾಯಿಸಿ, ತಣಿದ ಮೇಲೆ ಪೂರ್ತಿ ಬಿಗಿಯುತ್ತೇನೆ.

ಹತ್ತಿಯ ಬಗ್ಗೆ ಉದ್ದಕ್ಕೆ ಬರೆಯುವ ಅಗತ್ಯ ಕಾಣುವುದಿಲ್ಲ. ಕಾಯಿಲ್ ಒಳಗೆ ಎಳೆಯುವಾಗ ತಂತಿ ಅಲುಗಬಾರದು, ಆದರೆ ಹತ್ತಿ ತಡೆಯುತ್ತಿದೆ ಎಂಬುದು ಬೆರಳಿಗೆ ಗೊತ್ತಾಗಬೇಕು. ಈ ಟ್ಯಾಂಕಿನ ಕುಳಿಗಳು ಅಗಲವಾದ್ದರಿಂದ ಅವುಗಳಿಗೆ ಇಳಿಯುವ ಹತ್ತಿಯ ಬಾಲ ತೆಳುವಾದರೆ ಗಾಳಿಯ ತೂತಿನಿಂದ ಸೋರುತ್ತದೆ, ದಪ್ಪವಾದರೆ ಒಣಗುತ್ತದೆ. ಬಾಲದ ತುದಿಯನ್ನು ಯಾವ ಕೋನದಲ್ಲಿ ಕತ್ತರಿಸಿ, ಎಷ್ಟು ಬಾಚಿ ತೆಗೆಯಬೇಕೆಂಬುದು ನನ್ನ ಕೈಗೆ ಕೂತಿದೆ. ಅದನ್ನು ಬರೆದು ತಿಳಿಸುವುದು ಕಷ್ಟ, ನಿಜ ಹೇಳಬೇಕೆಂದರೆ ತಿಳಿಸುವ ಮನಸ್ಸೂ ಪೂರ್ತಿ ಇಲ್ಲ. ಬಾಲದ ತುದಿ ಕುಳಿಯ ತಳವನ್ನು ಒತ್ತದೆ ಮುಟ್ಟಿ ನಿಲ್ಲಲಿ, ಇಷ್ಟು ಸಾಕು.

ಮಾಡ್‌ನಲ್ಲಿ ಸ್ಟೀಲಿಗೆಂದು ಮೊದಲೇ ಇರುವ ಆಯ್ಕೆಯನ್ನು ಬಿಟ್ಟು ಗುಣಾಂಕವನ್ನು ನಾನೇ 92 (ಅಂದರೆ 0.00092) ಎಂದು ನಮೂದಿಸುತ್ತೇನೆ, ಏಕೆಂದರೆ ಒಂದೊಂದು ತಯಾರಕರ ಸಿದ್ಧ ಆಯ್ಕೆಯಲ್ಲಿ ಒಂದೊಂದು ಅಂಕಿ ಅಡಗಿರುತ್ತದೆ. 210ರಿಂದ 220 ಡಿಗ್ರಿ ಸೆಲ್ಸಿಯಸ್, ಮೊದಲ ಏರಿಕೆಗೆ 30ರಿಂದ 35 ವ್ಯಾಟ್. ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಯಲ್ಲಿ, ಗ್ಲಿಸರಿನ್ 290ರಲ್ಲಿ ಕುದಿಯುವುದರಿಂದ ಗ್ಲಿಸರಿನ್ ಹೆಚ್ಚಿರುವ ದ್ರವಕ್ಕೆ ಐದು ಹತ್ತು ಡಿಗ್ರಿ ಮೇಲೆ ಇಟ್ಟರೆ ಆವಿ ತುಂಬಿ ಬರುತ್ತದೆ. ಬೀಗ ಹಾಕುವ ಮುನ್ನ ಟ್ಯಾಂಕನ್ನು ಮಾಡ್‌ಗೆ ಕೂರಿಸಿ ಹತ್ತು ಹದಿನೈದು ನಿಮಿಷ ಮುಟ್ಟದೆ ಬಿಡಬೇಕು. ಬೆಚ್ಚಗಿರುವ ಕಾಯಿಲ್‌ನ ಅಂಕಿಯನ್ನು ತಣ್ಣನೆಯ ಅಂಕಿಯೆಂದು ಮಾಡ್ ನಂಬಿದರೆ ಎಷ್ಟು ಡಿಗ್ರಿ ಬೆಚ್ಚಗಿತ್ತೋ ಅಷ್ಟು ಡಿಗ್ರಿ ಹೆಚ್ಚಾಗಿಯೇ ಮುಂದೆಲ್ಲ ಕಾಯಿಸುತ್ತದೆ. ದ್ರವ ಹಾಕುವ ಮುಂಚೆ ಒಣ ಹತ್ತಿಯಲ್ಲಿ ಎರಡು ಮೂರು ಸೆಕೆಂಡು ಒತ್ತಿ ನೋಡುವ ಪರೀಕ್ಷೆಯನ್ನು ನಾನು ಬಿಡುವುದಿಲ್ಲ. ಹತ್ತಿ ಬಿಳಿಯಾಗಿ ಉಳಿಯಬೇಕು, ಹೆಚ್ಚೆಂದರೆ ತಂತಿ ತಾಗಿದ ಕಡೆ ತಿಳಿ ಕಂದು ಗೆರೆ ಮೂಡಬೇಕು. ಕರಕಲಾದರೆ ಜೋಡಣೆಯನ್ನು ಮೊದಲಿನಿಂದ ನೋಡಬೇಕು. ನನ್ನನ್ನು ನಂಬದಿದ್ದವರಿಗೆ ಈ ಪರೀಕ್ಷೆಯನ್ನು ಎದುರಿಗೇ ಮಾಡಿ ತೋರಿಸಿದ್ದೇನೆ. ಕ್ಯಾಂಥಲ್ ಕಾಯಿಲ್‌ನಲ್ಲಿ ಇದನ್ನು ಮಾಡಲು ಯಾರೂ ಮುಂದಾಗುವುದಿಲ್ಲ.

ನಡುವೆ ಬೇರೆ ದಾರಿಗಳನ್ನೂ ಹಿಡಿದು ನೋಡಿದ್ದೇನೆ. ಟೈಟೇನಿಯಂ ತಂತಿಯಲ್ಲಿ ತಾಪ ಬಹಳ ಸ್ಥಿರವಾಗಿತ್ತು, ರುಚಿಯೂ ಶುದ್ಧವಾಗಿತ್ತು. ಆದರೆ ಅಪ್ಪಿತಪ್ಪಿ ವ್ಯಾಟ್ ಸ್ಥಿತಿಯಲ್ಲಿ ಗುಂಡಿ ಒತ್ತಿ ಕೆಂಪಗೆ ಕಾದರೆ ಅದರ ಮೇಲೆ ಬಿಳಿಯ ಆಕ್ಸೈಡ್ ಪುಡಿ ಏಳುತ್ತದೆ, ಅದಕ್ಕಾಗಿ ಬಿಟ್ಟೆ. 28 ಗೇಜಿನ ಸ್ಟೀಲ್‌ನಲ್ಲಿ 8 ಸುತ್ತಿಗೆ 0.85 ಓಮ್ ಸುಮಾರಿಗೆ ಬರುತ್ತದೆ. ಮೂಲ ಅಂಕಿ ದೊಡ್ಡದಾದಷ್ಟೂ ಸ್ಕ್ರೂವಿನ ಸಡಿಲತೆಯ ಪೆಟ್ಟು ಕಡಿಮೆಯಾಗುವುದರಿಂದ ಹೊಸಬರಿಗೆ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಆವಿ ಮಾತ್ರ ತುಸು ಕಡಿಮೆ. ಹತ್ತಿಯ ಬದಲು ರೇಯಾನ್ ಹಾಕಿದಾಗ ದ್ರವ ಬೇಗ ಏರುತ್ತಿತ್ತು, ಆದರೆ ನೆನೆದ ಮೇಲೆ ಅದು ಹತ್ತಿಯಷ್ಟು ಹಿಗ್ಗುವುದಿಲ್ಲವಾದ್ದರಿಂದ ಇನ್ನೂ ಬಿಗಿಯಾಗಿ ತುಂಬಬೇಕು. ಸಿಹಿಯ ವಿಷಯ ಇವೆಲ್ಲಕ್ಕಿಂತ ಮುಖ್ಯ. ಸುಕ್ರಲೋಸ್ ಹಾಕಿದ ದ್ರವ ಯಾವ ತಾಪದಲ್ಲಿಯೂ ಕಾಯಿಲ್‌ಗೆ ಕಪ್ಪು ಅಂಟು ಹಿಡಿಸುತ್ತದೆ. ಒಂದೇ ಬಗೆಯ ಕಾಯಿಲ್‌ನಲ್ಲಿ ಸಿಹಿಯಿಲ್ಲದ ದ್ರವಕ್ಕೆ ಹತ್ತಿ ಎರಡು ವಾರದ ಹತ್ತಿರ ಬಾಳಿದರೆ, ಸಿಹಿ ದ್ರವಕ್ಕೆ ಮೂರು ನಾಲ್ಕು ದಿನ ಬಂದರೆ ಹೆಚ್ಚು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಿದ್ಧ ಕಾಯಿಲ್ ಬಳಸುತ್ತಿದ್ದಾಗ ವಾರಕ್ಕೊಂದರಂತೆ ಹೋಗುತ್ತಿತ್ತು, ಸಿಹಿ ದ್ರವವಿದ್ದರೆ ಅದಕ್ಕಿಂತ ಬೇಗ. 30 ಅಡಿಯ ಒಂದು ಸುರುಳಿ ಸ್ಟೀಲ್ ತಂತಿಯಲ್ಲಿ, ಒಂದು ಕಾಯಿಲ್‌ಗೆ ಎಂಟೂವರೆ ಒಂಬತ್ತು ಸೆಂಟಿಮೀಟರ್ ಎಂದುಕೊಂಡರೆ, ನೂರರ ಆಸುಪಾಸು ಕಾಯಿಲ್ ಆಗುತ್ತವೆ. ಹಿಡಿದುಕೊಳ್ಳಲು ಬಿಡುವ ತುಂಡುಗಳನ್ನು ಕಳೆದರೂ ಎಪ್ಪತ್ತಕ್ಕೆ ಮೋಸವಿಲ್ಲ. ಕೆಂಪಗೆ ಕಾಯಿಸದೆ ನೀರಿನಲ್ಲಿ ಉಜ್ಜಿ ತೊಳೆದರೆ ಒಂದೇ ಕಾಯಿಲ್ ಹಲವು ಹತ್ತಿಗಳನ್ನು ಕಾಣುತ್ತದೆ. ಟ್ಯಾಂಕು, ತಂತಿ, ಹತ್ತಿ, ಓಮ್ ಮೀಟರು, ಚಿಮುಟ ಎಲ್ಲ ಸೇರಿಸಿದ ಖರ್ಚು ನನಗೆ ನಾಲ್ಕೈದು ತಿಂಗಳ ಸಿದ್ಧ ಕಾಯಿಲ್‌ಗಳ ಉಳಿತಾಯದಲ್ಲಿ ಹುಟ್ಟಿತು. ಪ್ರಯೋಗಗಳಲ್ಲಿ ಹಾಳಾದ ತಂತಿಯನ್ನೂ ಚೆಲ್ಲಿದ ದ್ರವವನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೆರಡು ತಿಂಗಳು ಸೇರಿಸಬೇಕು. ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಕಾಸು ಉಳಿಸಲು ಹೋಗಿಲ್ಲ. ಹೊದಿಕೆ ಹರಿದ 18650 ಬ್ಯಾಟರಿಯನ್ನು ಅಂದೇ ಬದಲಿಸುತ್ತೇನೆ.

ಈಗ ಇದೇ ಡೆಕ್ಕಿನ ಮೇಲೆ ಸ್ಟೀಲ್ ಜಾಲರಿಯನ್ನು ಕಾಯಿಲ್‌ನಂತೆ ಬಾಗಿಸಿ ಕೂರಿಸುವ ಪ್ರಯತ್ನ ನಡೆದಿದೆ. ಓಮ್ ಅಂಕಿ ತೀರ ಕೆಳಗೆ, 0.15ರ ಹತ್ತಿರ ಇರುವುದರಿಂದ ಒಂದೇ ನೂರನೇ ಭಾಗ ಓಮ್ ಅಲುಗಿದರೂ ಎಪ್ಪತ್ತು ಡಿಗ್ರಿಯ ಹತ್ತಿರ ವ್ಯತ್ಯಾಸ ಬರುತ್ತದೆ, ಸ್ಕ್ರೂಗಳು ಜಾಲರಿಯ ಅಂಚನ್ನು ಒಂದೇ ಸಮನಾಗಿ ಹಿಡಿಯುವುದೂ ಇಲ್ಲ. ಅಂಚಿಗೆ ತೆಳು ಸ್ಟೀಲ್ ಪಟ್ಟಿ ಮಡಿಸಿ ಕೂರಿಸಿದ ಮೇಲೆ ಅಂಕಿ ಅರ್ಧ ದಿನ ಅಲುಗದೆ ನಿಂತದ್ದಿದೆ. ಪಟ್ಟಿಯ ಅಗಲವನ್ನು ಇನ್ನೂ ಹೆಚ್ಚುಕಡಿಮೆ ಮಾಡಿ ನೋಡುತ್ತಿದ್ದೇನೆ.