ಶಾಂತಾ ಹುಬ್ಳೀಕರ್ ಅವರನ್ನು ಮತ್ತೆ ಹುಡುಕುವ ಬಗೆ

ಹುಬ್ಬಳ್ಳಿಯ ಮಗ್ಗುಲಲ್ಲಿರುವ ಅದರಗುಂಚಿಯಲ್ಲಿ 1914ರಲ್ಲಿ ಹುಟ್ಟಿದ ರಾಜಮ್ಮ, ಶಾಂತಾ ಹುಬ್ಳೀಕರ್ ಎಂಬ ಹೆಸರಿನಲ್ಲಿ 1939ರ ಹೊತ್ತಿಗೆ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯ ನಾಯಕಿಯಾಗಿದ್ದರು. ಊರನ್ನು ಹೆಸರಿನಲ್ಲಿಯೇ ಹೊತ್ತು ಮೆರೆದ ಈ ನಟಿಯ ಬಗ್ಗೆ ಇಂದು ಊರಿನಲ್ಲಿ ವಿಚಾರಿಸಿದರೆ ಹತ್ತರಲ್ಲಿ ಒಂಬತ್ತು ಮಂದಿ ‘ಯಾರವರು?’ ಎಂದೇ ಕೇಳುತ್ತಾರೆ. ಅವರನ್ನು ಅಥವಾ ಅವರಂತೆ ಮರೆವಿಗೆ ಸಂದ ಇನ್ನೊಬ್ಬರನ್ನು ಹುಡುಕಹೊರಟವರಿಗೆ ನಾನು ನಡೆದ ದಾರಿ ಉಪಯೋಗಕ್ಕೆ ಬಂದೀತು.

ಮೊದಲು ಹೆಸರನ್ನು ಸರಿಯಾಗಿ ಹಿಡಿಯಬೇಕು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕೊಲ್ಹಾಪುರ, ಪುಣೆಗಳ ಸ್ಟುಡಿಯೋಗಳೇ ನಮ್ಮ ಕಲಾವಿದರಿಗೆ ಹತ್ತಿರವಾಗಿದ್ದವು. 1934ರ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರವಾದರೂ ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಹೀಗಾಗಿ ನಮ್ಮವರ ದಾಖಲೆಗಳು ಹೆಚ್ಚಾಗಿ ಮರಾಠಿ ಕಪಾಟಿನಲ್ಲಿ ಕುಳಿತಿವೆ. ನಾನು ‘ಹುಬ್ಬಳ್ಳಿಕರ್’ ಎಂದು ಕನ್ನಡದಲ್ಲಿ ಹುಡುಕಿ ಹಲವು ವಾರ ಬರಿಗೈಯಲ್ಲಿ ಉಳಿದೆ. ದೇವನಾಗರಿಯಲ್ಲಿ, ಒಂದೇ ಬಕಾರದ ‘ಹುಬಳೀಕರ್’ ಎಂದು ಬರೆದ ದಿನವೇ ಬಾಗಿಲು ತೆರೆಯಿತು. ಬೀಳಗಿಯ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿ ಅವರನ್ನು ಹುಡುಕುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಬಳಿಕ ಚಿತ್ರವನ್ನೇ ನೋಡಿರಿ, ಲೇಖನಗಳು ಆಮೇಲೆ ಇರಲಿ. ಶಾಂತಾ ಅವರು ನಾಯಕಿಯಾಗಿದ್ದ, ವಿ. ಶಾಂತಾರಾಮ್ ನಿರ್ದೇಶಿಸಿದ 1939ರ ಪ್ರಭಾತ್ ಚಿತ್ರ ಮರಾಠಿಯಲ್ಲಿ ‘ಮಾಣೂಸ್’, ಹಿಂದಿಯಲ್ಲಿ ‘ಆದ್ಮಿ’. ಒಂದರಲ್ಲಿ ಶಾಂತಾ ಅವರ ಪಾತ್ರದ ಹೆಸರು ಮೈನಾ, ಇನ್ನೊಂದರಲ್ಲಿ ಕೇಸರ್. ಪೊಲೀಸ್ ಪೇದೆಯಾಗಿ ಶಾಹು ಮೋಡಕ್ ಇದ್ದಾರೆ. ವರ್ಷವನ್ನು ಸೇರಿಸಿ ಹುಡುಕದಿದ್ದರೆ 1968ರ ದಿಲೀಪ್ ಕುಮಾರ್ ಅವರ ‘ಆದ್ಮಿ’ ಎದುರಾಗುತ್ತದೆ, ಅರ್ಧ ಸಂಜೆ ಹಾಳಾಗುತ್ತದೆ. ಮಾಸ್ಟರ್ ಕೃಷ್ಣರಾವ್ ಸಂಗೀತದ ‘ಕಶಾಲಾ ಉದ್ಯಾಚೀ ಬಾತ್’ ಹಾಡನ್ನು ಮಾತ್ರ ಎರಡು ಮೂರು ಬಾರಿ ಕೇಳಬೇಕು: ಒಂದೇ ಹಾಡಿನೊಳಗೆ ಹಲವು ಭಾಷೆಗಳ ತುಣುಕುಗಳು ಬರುತ್ತವೆ, ಭಾಷೆ ಬದಲಾದಂತೆ ಶಾಂತಾ ಅವರ ಗತ್ತೂ ಬದಲಾಗುತ್ತದೆ. ಈ ನಟಿ ಯಾಕೆ ದೊಡ್ಡವರೆಂಬುದು ನನಗೆ ತಿಳಿದದ್ದು ಅಲ್ಲಿಯೇ.

ಹಳೆಯ ಗ್ರಾಮೋಫೋನ್ ತಟ್ಟೆ ಸಿಕ್ಕರೆ ಅದೃಷ್ಟ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು ಹಿಡಿಯುತ್ತಿದ್ದುದರಿಂದ ಅದಕ್ಕಾಗಿ ಹಾಡನ್ನು ಬೇರೆಯಾಗಿಯೇ ಹಾಡಿಸುವುದಿತ್ತು. ಚಿತ್ರದ ಧ್ವನಿಯೇ ತಟ್ಟೆಯಲ್ಲಿದೆ ಎಂದು ತಿಳಿಯಬೇಡಿರಿ, ಲೇಬಲ್ಲಿನ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಳ್ಳಿರಿ. ಆ ತಟ್ಟೆಗಳಲ್ಲಿ ಅರಗು ಇರುವುದರಿಂದ ಸ್ಪಿರಿಟ್ ತಾಗಿಸಬಾರದು. ನಾನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದಾಗ ಹತ್ತಿ ಕಪ್ಪಾಯಿತು, ಧೂಳು ಬಂತೆಂದು ಹಿಗ್ಗಿದೆ. ಕರಗಿ ಬಂದದ್ದು ಹಾಡಿನ ಗೆರೆಗಳೇ ಆಗಿದ್ದವು.

ಕನ್ನಡದ ಸುಳಿವಿಗೆ 1942ರ ‘ಜೀವನ ನಾಟಕ’ ಚಿತ್ರವನ್ನು ಹಿಡಿಯಬೇಕು, ಅದರಲ್ಲಿ ಶಾಂತಾ ಅವರು ಗುಬ್ಬಿ ವೀರಣ್ಣ, ಕೆಂಪರಾಜ ಅರಸ್ ಅವರೊಡನೆ ನಟಿಸಿದರು. ಹಳೆಯ ಪತ್ರಿಕೆಗಳ ಸಂಪುಟ ಕೈಗೆ ಬಂದಾಗ ಲೇಖನಗಳಿಗಿಂತ ಮೊದಲು ಜಾಹೀರಾತುಗಳನ್ನು ನೋಡಿರಿ, ಏಕೆಂದರೆ ಯಾವ ಚಿತ್ರ ಯಾವ ವಾರ ಯಾವ ಥಿಯೇಟರಿಗೆ ಬಂತೆಂಬುದನ್ನು ವಿಮರ್ಶಕ ಬರೆಯುವುದಿಲ್ಲ, ಮಾಲೀಕ ಬರೆಸುತ್ತಾನೆ.

ಹಿರಿಯರನ್ನು ಕೇಳುವಾಗ ನಟಿಯ ಹೆಸರು ಹೇಳಿದರೆ ಪ್ರಯೋಜನ ಕಡಿಮೆ. ನಮ್ಮ ಓಣಿಯ ಅಜ್ಜನೊಬ್ಬರು ಹೆಸರಿಗೆ ತಲೆ ಅಲ್ಲಾಡಿಸಿಬಿಟ್ಟರು. ‘ಕಶಾಲಾ ಉದ್ಯಾಚೀ ಬಾತ್’ ಹಾಡಿನ ಮೊದಲ ಸಾಲನ್ನು ಗುನುಗಿದಾಗ, ‘ಏ, ಇದು ನಮ್ಮಪ್ಪ ಹಾಡ್ತಿದ್ದ ಪದಾ ಐತಲ್ಲೋ! ಆಕಿ ನಮ್ಮ ಕಡೀಕಿನ ಅಂತಿದ್ದ’ ಎಂದು ತಾವೇ ಎರಡನೆಯ ಸಾಲನ್ನು ಎತ್ತಿಕೊಂಡರು.

1990ರಲ್ಲಿ ಬಂದ ಶಾಂತಾ ಅವರ ಆತ್ಮಕಥೆಯ ಹೆಸರೂ ಆ ಹಾಡಿನ ಸಾಲೇ. ಅದು ಮರಾಠಿಯಲ್ಲಿದೆ, ಅದನ್ನು ಕೊನೆಗೆ ಓದುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮೊದಲೇ ಓದಿದವರು ಆಮೇಲೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿ ನೋಡತೊಡಗುತ್ತಾರೆ. ಕೊನೆಗೆ ಓದಿದರೆ, ಐವತ್ತು ವರ್ಷಗಳ ಬಳಿಕ ನೆನೆದು ಬರೆದ ಇಸವಿಗಳನ್ನು ಜಾಹೀರಾತಿನ ಇಸವಿಗಳೊಡನೆ ತಾಳೆ ನೋಡಲು ನಿಮ್ಮ ನೋಟ್‌ಬುಕ್ಕು ಆಗಲೇ ತುಂಬಿರುತ್ತದೆ.